ಹೋರಿ ಓಡುವ ಊರಿಗೆ ಒಂದು ಅಖಾಡ ಬೇಕು

ದೀಪಾವಳಿ ಹತ್ತಿರ ಬಂತೆಂದರೆ ಓದುಗರಿಂದ ಎರಡು ಬಗೆಯ ಪ್ರಶ್ನೆ ಬರತೊಡಗುತ್ತವೆ. ದೂರದ ಊರುಗಳಲ್ಲಿ ನೆಲೆಸಿದವರು, 'ಹಾವೇರಿ ಕಡೆ ಹೋರಿ ಹಬ್ಬ ಭಾಳ ಜೋರಂತೆ, ನೋಡಬೇಕೆಂದರೆ ಯಾವ ಊರಿಗೆ ಬರಬೇಕು?' ಎಂದು ಕೇಳುತ್ತಾರೆ. ಇನ್ನು ಕೆಲವರದು ಸಿಟ್ಟು. 'ಪ್ರತಿ ವರ್ಷ ಜನ ಸಾಯುತ್ತಾರೆ, ಆದರೂ ಈ ಆಟ ಯಾಕೆ ನಡೆಸುತ್ತೀರಿ?' ಎರಡನೆಯ ಪ್ರಶ್ನೆಗೆ ಉತ್ತರ ಹೇಳದೆ ಮೊದಲನೆಯವರನ್ನು ಊರಿಗೆ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಹೋರಿ ಹಬ್ಬ ಉಳಿಯಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಅದು ಈಗ ನಡೆಯುತ್ತಿರುವ ಜಾಗದಲ್ಲಿ ಉಳಿಯಬಾರದು. ಯಾಕೆ ಅನ್ನುವುದನ್ನು ಈ ವಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಡಿರದವರಿಗಾಗಿ ಮೊದಲು ಹಬ್ಬದ ಪರಿಚಯ. ಹಾನಗಲ್, ಹಿರೇಕೆರೂರು, ಶಿಗ್ಗಾವಿ, ಸವಣೂರು ತಾಲ್ಲೂಕುಗಳಲ್ಲಿ, ಜಿಲ್ಲೆಯ ಗಡಿ ದಾಟಿದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಬಲಿಪಾಡ್ಯಮಿ ಎಂದರೆ ದನಗಳ ಹಬ್ಬ. ಬೆಳಿಗ್ಗೆ ಹಟ್ಟಿ ಸಾರಿಸಿ, ಸೆಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಗಿಸಿ ಪೂಜೆ ಮಾಡುತ್ತಾರೆ. ದನಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಹೂಮಾಲೆ ಕಟ್ಟುತ್ತಾರೆ. ಇಳಿಹೊತ್ತಿಗೆ ಊರಿನ ದೊಡ್ಡ ಓಣಿಯಲ್ಲಿ ಹೋರಿ ಬಿಡುವುದು ಶುರುವಾಗುತ್ತದೆ. ಹೋರಿಯ ಕೊರಳಲ್ಲಿ ಒಣಕೊಬ್ಬರಿ ಗಿಟುಕುಗಳ ದಪ್ಪ ಮಾಲೆ, ಕೋಡಿನಲ್ಲಿ ಬಲೂನಿನ ಗೊಂಚಲು, ಬೆನ್ನ ಮೇಲೆ ಕಸೂತಿಯ ಝೂಲು, ಕಾಲಿಗೆ ಗೆಜ್ಜೆ. ಒಂದು ತುದಿಯಲ್ಲಿ ಹಗ್ಗ ಬಿಚ್ಚಿ ಬಿಟ್ಟರೆ ಅದು ಇನ್ನೊಂದು ತುದಿ ಮುಟ್ಟಬೇಕು. ನಡುವೆ ನಿಂತ ಹುಡುಗರು ಅದರ ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿದರೆ ಹುಡುಗ ಗೆದ್ದ. ಯಾರ ಕೈಗೂ ಸಿಗದೆ, ಮಾಲೆ ಮಾಲೆಯಾಗಿಯೇ ಉಳಿದು ಪಾರಾದರೆ ಹೋರಿ ಗೆದ್ದಿತು. ಎತ್ತರಕ್ಕೆ ಪೀಪಿ ಕಟ್ಟಿಕೊಂಡು ಬರುವ ಸಣ್ಣ ಹೋರಿಗಳೂ ಇವೆ, ಪೀಪಿ ಹೋರಿ ಅಂತಲೇ ಅವಕ್ಕೆ ಹೆಸರು. ಅವುಗಳದು ಬೇರೆ ಲೆಕ್ಕ, ಓಟವನ್ನೂ ಅಂದವನ್ನೂ ಜನ ನೋಡುತ್ತಾರೆ.

ಇಲ್ಲಿ ಹೋರಿಯನ್ನು ಕೆಡವುವುದಿಲ್ಲ, ಗಾಯ ಮಾಡುವುದಿಲ್ಲ. ಆಟ ಮುಗಿದ ಮೇಲೆ ಅದು ಅದೇ ಗೋದಲಿಗೆ ಮರಳುತ್ತದೆ. ಹಿಡಿಯುವವನಿಗೆ ಒಂದೆರಡು ಗಳಿಗೆಯ ಅವಕಾಶವಷ್ಟೇ ಇರುತ್ತದೆ. ಹೋರಿ ಯಾವ ಮಗ್ಗುಲಿಗೆ ಹೊರಳುತ್ತದೆ, ತಲೆ ತಗ್ಗಿಸಿ ಬರುತ್ತದೋ ಎತ್ತಿ ಬರುತ್ತದೋ ಎಂದು ದೂರದಿಂದಲೇ ಅಳೆದು, ಕೋಡಿನ ಹಿಂದೆ ಸೇರಿಕೊಂಡು ಮಾಲೆಗೆ ಕೈ ಹಾಕಬೇಕು. ಚೆನ್ನಾಗಿ ಹಿಡಿಯುವವರ ಹೆಸರು ತಾಲ್ಲೂಕು ದಾಟಿ ಹೋಗಿರುತ್ತದೆ. ಹೋರಿಯ ಹೆಸರು ಅದಕ್ಕಿಂತ ದೂರ ಹೋಗಿರುತ್ತದೆ.

ಹೋರಿಗೆ ಹೆಸರಿಡುವುದೇ ಊರಿನ ಒಂದು ದೊಡ್ಡ ಕೆಲಸ. ಸಿನಿಮಾ, ಪುರಾಣ, ಊರದೇವರು, ಯಾವುದರಿಂದ ಬೇಕಾದರೂ ಹೆಸರು ಬರಬಹುದು. ಹೆಸರು ಗಟ್ಟಿಯಾದ ಮೇಲೆ ಅದಕ್ಕೊಂದು ಅಭಿಮಾನಿ ಬಳಗ, ಬಾವುಟ, ಒಂದೇ ಬಣ್ಣದ ಅಂಗಿ, ಅಗಸಿಯಲ್ಲಿ ಕಟ್ಟುವ ಫ್ಲೆಕ್ಸು. ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, ದೀಪಾವಳಿಗೆ ಒಂದು ವಾರ ಇರುವಾಗ. ಆ ವರ್ಷ ಅನೇಕ ಹೋರಿಗಳು ಅಪ್ಪುವಿನ ಭಾವಚಿತ್ರ ಹೊತ್ತು ಓಡಿದವು. ಹೆಸರಾಂತ ಹೋರಿ ಸತ್ತರೆ ಟ್ರ್ಯಾಕ್ಟರಿನಲ್ಲಿ ಹೂವಿನ ಮಧ್ಯೆ ಮಲಗಿಸಿ, ಭಜನೆ ಹೇಳುತ್ತಾ, ಊರೂರಿನ ಜನ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಇಂಥ ಮೆರವಣಿಗೆಯಲ್ಲಿ ಗಟ್ಟಿಮುಟ್ಟಾದ ಗಂಡಸರು ಮಕ್ಕಳಂತೆ ಅಳುವುದನ್ನು ಕಂಡಿದ್ದೇನೆ. ಹಬ್ಬವನ್ನು ದೂರದಿಂದ ನೋಡಿ ಇದು ಬರೀ ಪುಂಡಾಟ ಅನ್ನುವವರು ಆ ಅಳುವಿಗೊಂದು ಕಾರಣ ಹುಡುಕಬೇಕು.

ಕಾರಣ ಹಟ್ಟಿಯಲ್ಲಿದೆ. ಓಣಿಯಲ್ಲಿ ಕಾಣುವುದು ಅರೆ ನಿಮಿಷದ ಓಟ. ಅದರ ಹಿಂದೆ ವರ್ಷವಿಡೀ ನಡೆದ ದುಡಿಮೆ ಇದೆ. ಹೋರಿಗೆ ಬರೀ ಮೇವು ಸಾಲದು. ಹುರುಳಿ ನುಚ್ಚು, ಹತ್ತಿಕಾಳು, ಹಿಂಡಿ, ಮನೆಯ ಹಾಲು, ಹಬ್ಬ ಹತ್ತಿರವಾದಾಗ ಮೊಟ್ಟೆ. ಬೆಳಗಿನ ಜಾವ ಎಬ್ಬಿಸಿ ಹೊಲದ ಬದುವಿನ ಮೇಲೆ ನಡೆಸಬೇಕು. ಕೆರೆಗೆ ಇಳಿಸಿ ಈಜಿಸಬೇಕು. ಕೆಲವರು ಮಣ್ಣಿನ ಗುಡ್ಡೆ ಹಾಕಿ ಕೋಡಿನಿಂದ ತಿವಿಯಲು ಬಿಡುತ್ತಾರೆ, ಕೊರಳು ಗಟ್ಟಿಯಾಗಲಿ ಎಂದು. ನಮ್ಮ ಓಣಿಯಲ್ಲಿ ಹೋರಿ ಸಾಕಿದ ಮನೆಯೊಂದಿತ್ತು. ಮಳೆಗಾಲದ ಮಧ್ಯಾಹ್ನಗಳಲ್ಲಿ ನಾವು ಹುಡುಗರೆಲ್ಲ ಆ ಮನೆಯ ಕಟ್ಟೆಯ ಮೇಲೆಯೇ ಇರುತ್ತಿದ್ದೆವು. ಹೋರಿಯ ಮೈ ಉಜ್ಜುವ ಸರದಿ ಯಾರದು ಎಂದು ಜಗಳ ಬೀಳುತ್ತಿತ್ತು. ಮನೆಯ ಅಜ್ಜಿ ಬಂದು, ಅದಕ್ಕೆ ಕೇಳಿಸುವ ಹಾಗೆ ಜಗಳಾಡಬ್ಯಾಡ್ರಿ, ಬೆದರತೈತಿ ಅನ್ನುತ್ತಿದ್ದರು. ಓಣಿಯಲ್ಲಿ ಅಷ್ಟು ಉಗ್ರವಾಗಿ ಬರುವ ಪ್ರಾಣಿ ಆ ಅಜ್ಜಿಯ ಸೆರಗು ನೆಕ್ಕುತ್ತಿತ್ತು. ಹೋರಿ ಒಂದು ಮನೆಯದಾದರೂ ಕೆರೆಗೆ ಒಯ್ಯುವವನು ಪಕ್ಕದ ಮನೆಯವ, ಝೂಲು ಹೊಲಿಯುವವನು ಕೆಳಗಿನ ಓಣಿಯವ, ಮಾಲೆ ಪೋಣಿಸಲು ಹತ್ತಾರು ಕೈ. ದುಡ್ಡು ಕಡಿಮೆ ಬಿದ್ದರೆ ಬಳಗದವರು ಕೂಡಿಸುತ್ತಾರೆ. ಬೇರೆ ಬೇರೆ ಜಾತಿಯ ಹುಡುಗರು ಒಂದೇ ಹೋರಿಯ ಹೆಸರಿನ ಅಂಗಿ ತೊಟ್ಟು ಒಂದೇ ಟ್ರ್ಯಾಲಿಯಲ್ಲಿ ಪರ ಊರಿಗೆ ಹೋಗುವುದನ್ನು ನಾನು ಈ ಹಬ್ಬದಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ.

ಇದರ ಜೊತೆಗೆ ಇನ್ನೊಂದು ಮಾತಿದೆ, ಅದು ಬೇಸಾಯದ್ದು. ಹಾನಗಲ್ಲಿನ ಭತ್ತದ ಗದ್ದೆಯಿಂದ ಸವಣೂರಿನ ಎರೆ ಹೊಲದವರೆಗೆ ಈಗ ಉಳುವುದು ಟ್ರ್ಯಾಕ್ಟರು. ಗೋವಿನಜೋಳದ ಬೆಳೆ ಹಬ್ಬಿದ ಮೇಲಂತೂ ಎತ್ತಿನ ಗಳೆ ಇಟ್ಟುಕೊಂಡ ಮನೆ ಬೆರಳೆಣಿಕೆಗೆ ಬಂದಿದೆ. ಹೋರಿಗರು ಹುಟ್ಟಿದರೆ ಸಂತೆಗೆ ಹೊಡೆಯುವುದೇ ದಾರಿ ಎಂಬ ಸ್ಥಿತಿ ದೇಶದ ತುಂಬ ಇದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.8 ಕೋಟಿ ಗಂಡು ದನಗಳಿದ್ದವು. 2019ರ ಗಣತಿ ಹೊತ್ತಿಗೆ ಅವು 4.7 ಕೋಟಿಗೆ ಇಳಿದವು. ಅದೇ ಏಳು ವರ್ಷದಲ್ಲಿ ಹೆಣ್ಣು ದನಗಳು 12.3 ಕೋಟಿಯಿಂದ 14.5 ಕೋಟಿಗೆ ಏರಿದವು. ಹಾಲು ಕೊಡುವುದಕ್ಕೆ ಬೆಲೆ ಇದೆ, ಉಳುವುದಕ್ಕೆ ಇಲ್ಲ ಎಂಬುದು ಈ ಅಂಕಿಗಳಲ್ಲಿ ನೇರವಾಗಿ ಕಾಣುತ್ತದೆ. ಇಂಥ ಕಾಲದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಹಟ್ಟಿಗಳಲ್ಲಿ ಹಳ್ಳಿಕಾರ್, ಅಮೃತಮಹಲ್ ತಳಿಯ ಹೋರಿಗಳು ನಿಂತಿವೆ ಎಂದರೆ ಅದಕ್ಕೆ ಈ ಹಬ್ಬವೇ ಕಾರಣ. ಅಮೃತಮಹಲ್ ತಳಿಯನ್ನು ಮೈಸೂರಿನ ದೊರೆಗಳು, ಹೈದರ್ ಮತ್ತು ಟಿಪ್ಪು ಸೈನ್ಯದ ಸಾಮಾನು ಎಳೆಯಲೆಂದೇ ಬೆಳೆಸಿದರು. ಓಟ, ತಾಳಿಕೆ, ಸಿಟ್ಟು ಮೂರೂ ಅದರ ರಕ್ತದಲ್ಲಿವೆ. ತೋಪು ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಅಂಥ ತಳಿಗೆ ಕೆಲಸ ಕೊಟ್ಟಿರುವುದು ಕೊಬ್ಬರಿ ಮಾಲೆ.

ನಮ್ಮ ಕಡೆ ಬಯಲಿನಲ್ಲಿ ಕೂಡಿ ಆಡುವ ಹಬ್ಬಗಳಿಗೆ ಕೊರತೆ ಇರಲಿಲ್ಲ. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುತ್ತಿದ್ದರು. ಮೊದಲು ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಕೈ ಹಿಡಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಪಂಚಮಿಗೆ ಬೇವಿನ, ಹುಣಸೆಯ ಟೊಂಗೆಗೆ ಜೋಕಾಲಿ ಬೀಳುತ್ತಿತ್ತು, ಹೆಣ್ಣುಮಕ್ಕಳ ಹಬ್ಬ ಅದು. ಗಂಡುಹುಡುಗರು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುತ್ತಿದ್ದರು, ಗುಂಡು ಎತ್ತುತ್ತಿದ್ದರು. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಿದ್ದರು. ಇವೆಲ್ಲ ಇಂದಿಗೂ ಇವೆ, ಆದರೆ ಮೊದಲಿನ ಕಸುವು ಇಲ್ಲ. ಎತ್ತಿಲ್ಲದ ಊರಲ್ಲಿ ಕರಿ ಹರಿಯುವುದು ಹೇಗೆ? ಮರ ಕಡಿದ ಮೇಲೆ ಜೋಕಾಲಿ ಎಲ್ಲಿ? ಈ ನಡುವೆ ಬೆಳೆದದ್ದು ಹೋರಿ ಹಬ್ಬ ಒಂದೇ. ಒಂದು ದಿನದ ಆಚರಣೆಯಾಗಿದ್ದದ್ದು ಈಗ ದೀಪಾವಳಿಯಿಂದ ಶುರುವಾಗಿ ಸಂಕ್ರಾಂತಿ ದಾಟಿಯೂ ಒಂದಲ್ಲ ಒಂದು ಊರಲ್ಲಿ ನಡೆಯುತ್ತಿರುತ್ತದೆ. ಬಹುಮಾನಕ್ಕೆ ಬೈಕು, ಬಂಗಾರ, ತಿಜೋರಿ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿರುವ, ಬೆಂಗಳೂರಿನ ಗೋದಾಮಿನಲ್ಲಿ ಪಾಳಿ ಮಾಡುವ ಹುಡುಗ ದೀಪಾವಳಿಗೆ ರಜೆ ಸಿಗದಿದ್ದರೆ ಕೆಲಸ ಬಿಟ್ಟೇ ಬರುತ್ತಾನೆ. ಊರು ಖಾಲಿಯಾಗುತ್ತಿದೆ ಎಂದು ಮರುಗುವವರು, ಊರಿಗೆ ಮರಳಿ ಕರೆತರುವ ಹಬ್ಬವೊಂದು ಕಣ್ಣೆದುರಿಗೇ ಇದೆ ಎಂಬುದನ್ನು ಗಮನಿಸಬೇಕು.

ಇದು ಸಾವಿರ ವರ್ಷದ ಆಟ ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ಹಾಗೆಂದು ಎದೆ ತಟ್ಟಿ ಹೇಳಲು ನಾನು ಸಿದ್ಧನಿಲ್ಲ. ದನಕ್ಕೂ ಈ ನೆಲಕ್ಕೂ ಇರುವ ನಂಟು ಮಾತ್ರ ಕಲ್ಲಿನಲ್ಲಿ ಕೆತ್ತಿದ್ದು. ಹಾನಗಲ್ ಪಟ್ಟಣವನ್ನು ಜನ ವಿರಾಟನಗರ ಎನ್ನುತ್ತಾರೆ. ಪಾಂಡವರು ಅಜ್ಞಾತವಾಸದಲ್ಲಿದ್ದದ್ದು, ಕೌರವರು ವಿರಾಟನ ದನ ಹೊಡೆದುಕೊಂಡು ಹೋಗಲು ಬಂದದ್ದು ಇಲ್ಲಿಗೇ ಎಂಬ ನಂಬಿಕೆ. ಬಲಿಪಾಡ್ಯಮಿಯಂದು ನಮ್ಮ ಹಟ್ಟಿಗಳಲ್ಲಿ ಸೆಗಣಿಯ ಪಾಂಡವರು ಕೂರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹಿತವಾಗುತ್ತದೆ. ನಂಬಿಕೆಯ ಮಾತು ಬದಿಗಿರಲಿ. ಹಾನಗಲ್, ಹಿರೇಕೆರೂರು ಸೀಮೆಯ ದೇವಸ್ಥಾನಗಳ ಅಂಗಳದಲ್ಲಿ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳನ್ನು ನೋಡಿ. ತುರುಗೊಳ್ ಕಾಳಗದಲ್ಲಿ, ಎಂದರೆ ಊರ ದನ ಬಿಡಿಸಲು ಹೋಗಿ ಸತ್ತವರಿಗೆ ಹಾಕಿಸಿದ ಕಲ್ಲುಗಳು ಅವುಗಳಲ್ಲಿ ಎಷ್ಟೋ. ಕೆಳಗಿನ ಹಂತದಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ವೀರ; ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ಶಿವಲಿಂಗ. ದನಕ್ಕಾಗಿ ಜೀವ ಕೊಟ್ಟವನನ್ನು ಈ ನೆಲ ದೇವರ ಪಕ್ಕ ಕೂರಿಸಿತ್ತು. ಆ ಸಾವು ಊರಿನ ಬದುಕಿಗಾಗಿ ಆದದ್ದು. ಇಂದು ಹಬ್ಬದ ದಿನ ಓಣಿಯಲ್ಲಿ ಆಗುವ ಸಾವಿಗೆ ಅಂಥ ಯಾವ ಅರ್ಥವೂ ಇಲ್ಲ. ಅದನ್ನು ವೀರಮರಣ ಎನ್ನುವುದು ಸತ್ತವನ ಮನೆಯವರಿಗೆ ಮಾಡುವ ಅನ್ಯಾಯ.

ಕಾನೂನಿನ ಬಗ್ಗೆ ಬಹಳ ಜನ ಕೇಳುವುದರಿಂದ ಅದನ್ನೂ ಹೇಳಿಬಿಡುತ್ತೇನೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನಗಾಡಿ ಓಟಗಳನ್ನು ನಿಲ್ಲಿಸಿತು. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ ಅದಕ್ಕೆ ಆಧಾರ. 2017ರಲ್ಲಿ ತಮಿಳುನಾಡು ತನ್ನ ತಿದ್ದುಪಡಿ ತಂದಿತು. ಅದೇ ವರ್ಷ ಕರ್ನಾಟಕವೂ ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಗಳಿಗೆ ಅವಕಾಶ ಕೊಡುವ ತಿದ್ದುಪಡಿ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮಹಾರಾಷ್ಟ್ರವೂ ಸೇರಿ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಅವಕಾಶದ ಜೊತೆಗೆ ಷರತ್ತು ಇದೆ. ಪ್ರಾಣಿಗೆ ಅನಗತ್ಯ ನೋವು ಕೊಡಕೂಡದು. ಬಾಲ ತಿರುಚುವುದು, ಕಿವಿಯ ಹತ್ತಿರ ಪಟಾಕಿ ಹೊಡೆಯುವುದು, ಹೆಂಡ ಕುಡಿಸುವುದು, ಬಡಿಗೆಯಿಂದ ಹೊಡೆಯುವುದು ಇವೆಲ್ಲ ಈ ಷರತ್ತಿಗೆ ವಿರುದ್ಧ. ಒಳ್ಳೆಯ ಹೋರಿ ಸಾಕಿದವನು ಇದನ್ನು ಮಾಡುವುದೂ ಇಲ್ಲ, ಮಾಡಗೊಡುವುದೂ ಇಲ್ಲ. ಮಾಡುವವರು ಗುಂಪಿನ ನಡುವೆ ನುಸುಳಿದವರು. ಅವರನ್ನು ಊರಿನವರೇ ಹಿಡಿದು ಹೊರಗೆ ಹಾಕದಿದ್ದರೆ ನಾಳೆ ಕೋರ್ಟು ಹಬ್ಬವನ್ನೇ ಹೊರಗೆ ಹಾಕಬಹುದು.

ಈಗ ಸಾವಿನ ಮಾತಿಗೆ ಬರೋಣ. ದೀಪಾವಳಿಯ ಮರುದಿನಗಳ ಪತ್ರಿಕೆಗಳನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಹೋರಿ ತಿವಿದು ಸತ್ತವರೆಲ್ಲ ಕೊಬ್ಬರಿ ಹರಿಯಲು ನಿಂತವರಲ್ಲ. ನೋಡಲು ಬಂದು ಓಣಿಯ ಅಂಚಿನಲ್ಲಿ ನಿಂತವರು, ಸಂತೆಯಿಂದ ಮನೆಗೆ ಹೊರಟವರು, ಜಗಲಿಯ ಮೇಲೆ ಕೂತ ಮುದುಕರು ಅವರಲ್ಲಿದ್ದಾರೆ. ಹಿಡಿಯುವ ಹುಡುಗನ ಕಣ್ಣು ಹೋರಿಯ ಮೇಲೆಯೇ ಇರುತ್ತದೆ, ಕಾಲು ಜಿಗಿಯಲು ತಯಾರಿರುತ್ತದೆ. ನೋಡುವವನ ಕಣ್ಣು ಮೊಬೈಲಿನ ಮೇಲೆ. ಹಿಂದಿನಿಂದ ನೂಕುವ ಜನ, ಮುಂದೆ ಚರಂಡಿ, ಪಕ್ಕಕ್ಕೆ ಗೋಡೆ. ಹೋರಿ ಗುರಿಯ ತುದಿ ಮುಟ್ಟಿದ ಮೇಲೂ ಅದನ್ನು ಹಿಡಿದು ಕಟ್ಟುವ ಜಾಗವಿಲ್ಲದೆ ಇನ್ನೊಂದು ಓಣಿಗೆ ನುಗ್ಗುತ್ತದೆ. ಅಲ್ಲಿರುವವರಿಗೆ ಆಟ ನಡೆಯುತ್ತಿರುವುದೇ ಗೊತ್ತಿರುವುದಿಲ್ಲ.

ಮೊದಲು ಹೀಗಿರಲಿಲ್ಲ ಎಂದು ಹಿರಿಯರು ಹೇಳುವುದರಲ್ಲಿ ಸತ್ಯವಿದೆ. ಮೊದಲು ಊರ ಹೋರಿಗಳು ಊರ ಓಣಿಯಲ್ಲೇ ಓಡುತ್ತಿದ್ದವು. ನೋಡುವವರೂ ಊರಿನವರೇ. ಯಾವ ಹೋರಿಯ ಗುಣ ಎಂಥದ್ದು, ಯಾವ ತಿರುವಿನಲ್ಲಿ ಹೊರಳುತ್ತದೆ ಎಂದು ಮಕ್ಕಳಿಗೂ ಗೊತ್ತಿರುತ್ತಿತ್ತು. ಈಗ ಐದು ತಾಲ್ಲೂಕಿನ ಹೋರಿಗಳು ಒಂದೇ ದಿನ ಒಂದೇ ಊರಿಗೆ ಟ್ರಕ್ಕಿನಲ್ಲಿ ಬರುತ್ತವೆ. ಅವುಗಳ ಹಿಂದೆ ಅಭಿಮಾನಿಗಳ ದಂಡು. ಡಿಜೆಯ ಸದ್ದಿಗೆ ಹೋರಿಗೂ ದಿಕ್ಕು ತೋಚುವುದಿಲ್ಲ, ಜನರಿಗೂ ಹೋರಿ ಬಂದ ಸದ್ದು ಕೇಳಿಸುವುದಿಲ್ಲ. ಹಬ್ಬ ಹತ್ತು ಪಟ್ಟು ಬೆಳೆಯಿತು, ಓಣಿ ಮಾತ್ರ ಅಷ್ಟೇ ಅಗಲ ಉಳಿಯಿತು. ಮೂಲ ತೊಡಕು ಇದೇ. ಅದು ಹೋರಿಯದೂ ಅಲ್ಲ, ಹುಡುಗರದೂ ಅಲ್ಲ.

ಜಗತ್ತಿನಲ್ಲಿ ಈ ತೊಡಕು ಎದುರಿಸಿದ ಮೊದಲ ಸೀಮೆ ನಮ್ಮದೇನಲ್ಲ. ಫ್ರಾನ್ಸಿನ ದಕ್ಷಿಣ ತುದಿಯಲ್ಲಿ ಕಮಾರ್ಗ್ ಎಂಬ ಜೌಗು ನೆಲದ ಸೀಮೆ ಇದೆ. ಅಲ್ಲಿನ ಹಳ್ಳಿಗಳಲ್ಲಿ ಹೋರಿಯ ಕೋಡಿಗೆ ಕೆಂಪು ರಿಬ್ಬನ್ನು, ಉಣ್ಣೆಯ ಗೊಂಡೆ, ದಾರದ ಸುತ್ತು ಕಟ್ಟಿ ಅಂಗಣಕ್ಕೆ ಬಿಡುತ್ತಾರೆ. ಬಿಳಿ ಬಟ್ಟೆ ತೊಟ್ಟ ಹುಡುಗರು ಕೈಯಲ್ಲೊಂದು ಸಣ್ಣ ಕೊಕ್ಕೆ ಹಿಡಿದು, ಓಡುತ್ತಾ ಓಡುತ್ತಾ ಅವನ್ನು ಕಿತ್ತುಕೊಳ್ಳಬೇಕು. ಒಂದು ಹೋರಿಗೆ ಹೆಚ್ಚೆಂದರೆ ಹದಿನೈದು ನಿಮಿಷ. ಆಮೇಲೆ ಅದು ಮೇವಿನ ಬಯಲಿಗೆ ಹಿಂತಿರುಗುತ್ತದೆ, ಕೊಲ್ಲುವುದಿಲ್ಲ. ಭಿತ್ತಿಪತ್ರದಲ್ಲಿ ಹುಡುಗರ ಹೆಸರಿಗಿಂತ ಹೋರಿಯ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. 1933ರಲ್ಲಿ ಸತ್ತ ಲೆ ಸಾಂಗ್ಲಿಯೇ ಎಂಬ ಹೆಸರಾಂತ ಹೋರಿಯ ಗೋರಿಯನ್ನು ಲೆ ಕೈಲಾರ್ ಎಂಬ ಊರಿನ ಬಾಗಿಲಲ್ಲೇ ಕಟ್ಟಿದ್ದಾರೆ. ಇದನ್ನು ಮೊದಲು ಓದಿದಾಗ ಹಿರೇಕೆರೂರಿನ ಯಾವುದೋ ಹಳ್ಳಿಯ ವರ್ತಮಾನ ಓದಿದ ಹಾಗೆ ಆಗಿತ್ತು. ಆದರೆ ಒಂದು ದೊಡ್ಡ ವ್ಯತ್ಯಾಸ ಉಂಟು. ಅಲ್ಲಿನ ಸ್ಪರ್ಧೆ ನಡೆಯುವುದು ಸುತ್ತ ಮರದ ಗಟ್ಟಿ ಬೇಲಿ ಇರುವ ಅಂಗಣದಲ್ಲಿ. ಹೋರಿ ಅಟ್ಟಿಸಿಕೊಂಡು ಬಂದರೆ ಹುಡುಗರು ಒಂದೇ ನೆಗೆತಕ್ಕೆ ಬೇಲಿ ಹಾರಿ ಪಾರಾಗುತ್ತಾರೆ. ಜನ ಅದರಾಚೆ ಎತ್ತರದ ಮೆಟ್ಟಿಲುಗಳ ಮೇಲೆ. ಹಿಡಿಯುವ ವಿದ್ಯೆ ಕಲಿಸಲು ಶಾಲೆಗಳೇ ಇವೆ.

ಕೆರಿಬಿಯನ್ ಸಮುದ್ರದ ಟೊಬೇಗೊ ಎಂಬ ದ್ವೀಪದ ಕಥೆಯೂ ಇಂಥದ್ದೇ. ಸುಮಾರು 300 ಚದರ ಕಿಲೋಮೀಟರಿನ ಪುಟ್ಟ ದ್ವೀಪ, ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು. ಅಲ್ಲಿನ ಬಕ್ಕೂ ಎಂಬ ಹಳ್ಳಿಯಲ್ಲಿ 1925ರಿಂದ ಈಸ್ಟರ್ ಹಬ್ಬದ ಮಂಗಳವಾರ ಆಡುಗಳ ಓಟ ನಡೆಯುತ್ತಿದೆ. ಕುದುರೆ ಓಟ ಉಳ್ಳವರದು. ಇಲ್ಲದವರು ಕಟ್ಟಿದ್ದು ಆಡಿನ ಓಟ. ಹಗ್ಗ ಹಿಡಿದ ಹುಡುಗ ಬರಿಗಾಲಲ್ಲಿ ಆಡಿನ ಹಿಂದೆಯೇ ಓಡಬೇಕು. ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ತಯಾರಿ, ಸಮುದ್ರಕ್ಕೆ ಇಳಿಸಿ ಆಡನ್ನು ಈಜಿಸುತ್ತಾರೆ, ನಾವು ಕೆರೆಯಲ್ಲಿ ಹೋರಿಯನ್ನು ಈಜಿಸುವಂತೆಯೇ. ಇಷ್ಟು ಸಣ್ಣ ಊರಿನ ಇಷ್ಟು ಸಾದಾ ಆಟಕ್ಕೆ ಅವರು ಪ್ರತ್ಯೇಕ ಅಂಗಣ ಕಟ್ಟಿಕೊಂಡಿದ್ದಾರೆ. ಜನ ಮೆಟ್ಟಿಲ ಮೇಲೆ ಕೂತು ನೋಡುತ್ತಾರೆ. ದ್ವೀಪಕ್ಕೆ ಬರುವ ಪ್ರವಾಸಿಗರಿಗೆ ಅದು ವರ್ಷದ ದೊಡ್ಡ ದಿನಗಳಲ್ಲಿ ಒಂದು. ಅಂಗಣ ಕಟ್ಟಿದ್ದರಿಂದ ಹಬ್ಬದ ಸೊಗಸು ಹೋಯಿತು ಎಂದು ಅವರಾರೂ ಆಟ ಬಿಟ್ಟಿಲ್ಲ.

ಅಷ್ಟು ದೂರ ಯಾಕೆ, ತಮಿಳುನಾಡು 2017ರಲ್ಲಿ ಜಲ್ಲಿಕಟ್ಟಿಗೆ ನಿಯಮಾವಳಿಯನ್ನೇ ಮಾಡಿತು. ಹೋರಿಗೆ ಪಶುವೈದ್ಯರ ತಪಾಸಣೆ, ಹಿಡಿಯುವವರಿಗೆ ನೋಂದಣಿ ಮತ್ತು ವೈದ್ಯರ ಪರೀಕ್ಷೆ, ಜನರಿಗೂ ಹೋರಿಗೂ ನಡುವೆ ಎರಡು ಸಾಲಿನ ಬೇಲಿ, ಓಟ ಮುಗಿಸಿದ ಹೋರಿಯನ್ನು ಹಿಡಿಯಲು ಪ್ರತ್ಯೇಕ ಆವರಣ. ಅಪಾಯ ಪೂರ್ತಿ ಹೋಗಿಲ್ಲ, ಆದರೆ ದಾರಿಹೋಕನಿಗೂ ಆಟಗಾರನಿಗೂ ನಡುವೆ ಒಂದು ಗೆರೆ ಬಿದ್ದಿದೆ.

'ಹಳ್ಳಿಯವರ ಕೈಯಲ್ಲಿ ಇದೆಲ್ಲ ಆಗುತ್ತದೆಯೇ?' ಎಂದು ಕೇಳುವವರನ್ನು ನಾನು ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಕರೆದೊಯ್ಯಲು ಬಯಸುತ್ತೇನೆ. ಸಣ್ಣ ಊರು. ರೈತರು, ಕೂಲಿಯವರು ಹಗಲು ದುಡಿದು ರಾತ್ರಿ ನಾಟಕದ ತಾಲೀಮು ಮಾಡುತ್ತಾ ಊರಿಗೆ ಊರನ್ನೇ ರಂಗಭೂಮಿಗೆ ತಂದರು. ಅವರ ತಂಡ ನಾಡಿನ ಉದ್ದಗಲ ತಿರುಗಿ ನಾಟಕ ಆಡಿದೆ. ಆ ಊರಿಗೆ ತನ್ನದೇ ರಂಗಮಂದಿರವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಹೆದ್ದಾರಿಯ ಬದಿಯ ನೆಲದಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದರು. ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದರು. ಊರೂರಿನ ಶಾಲೆ ಮಕ್ಕಳು ಬಸ್ಸು ಮಾಡಿಕೊಂಡು ಅದನ್ನು ನೋಡಲು ಬರುತ್ತಾರೆ. ಅದೇ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ, ಹೋರಿ ಹಬ್ಬದ ಸೀಮೆಯ ಮಧ್ಯದಲ್ಲೇ. ಹೋರಿಗಳ ಹೆಸರು, ತಳಿ, ಸಾಕಣೆಯ ಕ್ರಮ, ಹಿಡಿಯುವವರ ವಿದ್ಯೆ ಇವನ್ನೆಲ್ಲ ಊರೂರು ತಿರುಗಿ ಬರೆದಿಡುವ ಕೆಲಸಕ್ಕೆ ಅದಕ್ಕಿಂತ ತಕ್ಕ ಜಾಗ ಬೇರಿಲ್ಲ. ಹಳೆಯ ಹಿಡಿಗಾರರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರ ಕಣ್ಣಳತೆಯ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ನನಗೆ ಬೇಕೆನಿಸುವುದು ಇಷ್ಟು. ಹತ್ತಿಪ್ಪತ್ತು ಹಳ್ಳಿಗೆ ಒಂದರಂತೆ, ಊರ ಹೊರಗಿನ ಗಾಂವಠಾಣ ಜಾಗದಲ್ಲೋ ಕೆರೆಯಂಗಳದ ಪಕ್ಕದಲ್ಲೋ ಒಂದು ಕಾಯಂ ಅಖಾಡ. ನೆಲ ಮಣ್ಣಿನದೇ ಇರಲಿ, ಡಾಂಬರಿನ ಮೇಲೆ ಓಡಿದ ಹೋರಿಯ ಗೊರಸು ಜಾರುತ್ತದೆ, ಬಿದ್ದರೆ ಕಾಲು ಹೋಗುತ್ತದೆ. ಎರಡೂ ಬದಿಗೆ ಗಟ್ಟಿ ಬೇಲಿ, ನಡುನಡುವೆ ಹುಡುಗರು ಪಾರಾಗಲು ಮನುಷ್ಯನಷ್ಟೇ ಹಿಡಿಸುವ ಕಿಂಡಿ. ಕೊನೆಯಲ್ಲಿ ಹೋರಿ ತಣ್ಣಗಾಗಲು ಅಗಲವಾದ ದೊಡ್ಡಿ. ಅಖಾಡಕ್ಕೆ ಇಳಿಯುವವರ ಹೆಸರು ಬರೆದುಕೊಳ್ಳಬೇಕು, ಕುಡಿದು ಬಂದವನನ್ನು ಇಳಿಸಬಾರದು, ವಿಮೆ ಇರಬೇಕು. ಆಂಬುಲೆನ್ಸು, ಪಶುವೈದ್ಯರು ಇಲ್ಲದೆ ಮೊದಲ ಹೋರಿ ಬಿಡಕೂಡದು. ಬಹುಮಾನಕ್ಕೆ ಇಡುವ ಒಂದು ಬೈಕಿನ ದುಡ್ಡಿನಲ್ಲಿ ಒಂದು ಬದಿಯ ಬೇಲಿಯ ಕೆಲಸ ಶುರುವಾಗುತ್ತದೆ. ಉಳಿದ ವರ್ಷವೆಲ್ಲ ಆ ಅಖಾಡ ಖಾಲಿ ಇರಬೇಕಿಲ್ಲ. ಕಬಡ್ಡಿ, ಖೊಖೊ ಆಡಲು ಜಾಗವಿಲ್ಲದ ಶಾಲೆಗಳು ನಮ್ಮಲ್ಲಿ ಎಷ್ಟಿಲ್ಲ? ಪಂಚಮಿಯ ಜೋಕಾಲಿಗೆ ಎರಡು ಗಟ್ಟಿ ಕಂಬ ಅಲ್ಲೇ ನೆಟ್ಟರೆ ಹೆಣ್ಣುಮಕ್ಕಳಿಗೂ ಅದು ಅವರದೇ ಬಯಲಾಗುತ್ತದೆ.

ಒಂದು ಆಕ್ಷೇಪ ಬರುತ್ತದೆ, ಬಂದಿದೆ ಕೂಡ. ಊರ ಅಗಸಿಯಿಂದ ಹೊರಟು ಊರದೇವರ ಗುಡಿಯ ಮುಂದೆ ಹಾದುಹೋಗಬೇಕಾದ ಹೋರಿಯನ್ನು ಹೊರಗಿನ ಬಯಲಿಗೆ ಒಯ್ದರೆ ಹಬ್ಬದ ಜೀವ ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಲಿಪಾಡ್ಯಮಿಯ ದಿನ ಊರ ಹೋರಿಗಳನ್ನು ಹಗ್ಗ ಹಿಡಿದು, ಡೊಳ್ಳು ಬಾರಿಸುತ್ತಾ ಅದೇ ಓಣಿಯಲ್ಲಿ ಮೆರೆಸಿ, ಗುಡಿಯ ಮುಂದೆ ಆರತಿ ಎತ್ತಿಸಿ, ಆಮೇಲೆ ಅಖಾಡಕ್ಕೆ ಒಯ್ಯಬಹುದು. ಪರ ಊರಿನ ಹೋರಿಗಳು ಬರುವ ದೊಡ್ಡ ಸ್ಪರ್ಧೆಯಂತೂ ಓಣಿಯಲ್ಲಿ ಬೇಡವೇ ಬೇಡ. ಇದನ್ನು ಜಿಲ್ಲಾಡಳಿತ ಮೇಲಿನಿಂದ ಹೇರುವುದಕ್ಕಿಂತ ಹೋರಿ ಸಾಕಿದವರೇ ಗ್ರಾಮಸಭೆಯಲ್ಲಿ ಕೂತು ನಿರ್ಧರಿಸಿದರೆ ನಿಲ್ಲುತ್ತದೆ. ಮಹಾನವಮಿಗೆ ಮೊದಲೇ ಕೂರಬೇಕು. ದೀಪಾವಳಿ ಬಂದ ಮೇಲೆ ಯಾರ ಕಿವಿಗೂ ಯಾವ ಮಾತೂ ಹೋಗುವುದಿಲ್ಲ.

ಇನ್ನು, ಯಾವ ಊರಿಗೆ ಬರಬೇಕು ಎಂದವರಿಗೆ. ಬಲಿಪಾಡ್ಯಮಿಯ ಬೆಳಿಗ್ಗೆಯೇ ಬನ್ನಿ, ನಾಲ್ಕು ತಾಲ್ಲೂಕುಗಳಲ್ಲಿ ಯಾವ ಹಳ್ಳಿಯಾದರೂ ಆದೀತು. ಮೊದಲು ಹಟ್ಟಿಗೆ ಹೋಗಿ, ಹೋರಿ ಸಾಕಿದವರ ಹತ್ತಿರ ಮಾತಾಡಿ, ನೀವು ಬೇಡ ಎಂದರೂ ಅವರು ಚಹಾ ಕುಡಿಸದೆ ಬಿಡುವುದಿಲ್ಲ. ದೊಡ್ಡ ಸ್ಪರ್ಧೆ ನೋಡಬೇಕಿದ್ದರೆ ಬೇಲಿ ಹಾಕಿದ ಬಯಲಿನಲ್ಲಿ ನಡೆಸುವ ಊರನ್ನೇ ಆರಿಸಿಕೊಳ್ಳಿ, ಸಂಘಟಕರಿಗೆ ಫೋನು ಮಾಡಿದಾಗ ಮೊದಲು ಅದನ್ನೇ ಕೇಳಿ. ಹಾಗೆ ಕೇಳುವವರು ಹೆಚ್ಚಾದಷ್ಟೂ ಬೇಲಿ ಹಾಕುವ ಊರುಗಳು ಹೆಚ್ಚುತ್ತವೆ. ನಿಲ್ಲುವುದಾದರೆ ಮಾಳಿಗೆಯ ಮೇಲೆ ಅಥವಾ ಟ್ರ್ಯಾಲಿಯ ಮೇಲೆ ನಿಲ್ಲಿ. ಕೆಂಪು ಬಟ್ಟೆ ಹಾಕಬೇಡಿ ಎಂದು ಯಾರಾದರೂ ಹೇಳಿದರೆ ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ, ದನಗಳಿಗೆ ಕೆಂಪು ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ; ಅವು ಕೆರಳುವುದು ಮಿಸುಕಾಟಕ್ಕೆ, ಸದ್ದಿಗೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ಅಂಚಿಗೆ ಮಾತ್ರ ಬರಬೇಡಿ. ಕೊನೆಯ ಹೋರಿ ಹೋಯಿತು ಎಂದು ಮೈಕಿನಲ್ಲಿ ಕೂಗಿದ ಮೇಲೂ ಅರ್ಧ ತಾಸು ಇದ್ದಲ್ಲೇ ಇರಿ, ಬಿಡಿಸಿಕೊಂಡು ಓಡಿದ ಹೋರಿ ಅದೇ ದಾರಿಯಲ್ಲಿ ತನ್ನ ಟ್ರಕ್ಕು ಹುಡುಕಿಕೊಂಡು ವಾಪಸು ಬರುವುದುಂಟು.